ಒಂದು ಚೀಲ ಕಾಫಿ, ಒಂಬತ್ತನೇ ಕ್ಲಾಸು: ವ್ಯವಹಾರ ಪಾಠ ಮಾಡಿದ ನನ್ನ ಅನುಭವ

ಹೈಸ್ಕೂಲಿನ ಸಮಾಜ ವಿಜ್ಞಾನದಲ್ಲಿ ವ್ಯವಹಾರ ಅಧ್ಯಯನ ಅಂತ ಒಂದು ಭಾಗ ಇದೆ. ಒಂಬತ್ತರಲ್ಲಿ ಹಣಕಾಸು, ಲೆಕ್ಕಪತ್ರ. ಹತ್ತರಲ್ಲಿ ಬ್ಯಾಂಕು ವ್ಯವಹಾರ, ಉದ್ಯಮಗಾರಿಕೆ, ಗ್ರಾಹಕರ ರಕ್ಷಣೆ. ಇತಿಹಾಸ, ಭೂಗೋಳಕ್ಕೆ ಅಂಕ ಜಾಸ್ತಿ, ಹಾಗಾಗಿ ಇದರ ಸರದಿ ಬರುವ ಹೊತ್ತಿಗೆ ವರ್ಷ ಮುಗಿಯುತ್ತಾ ಬಂದಿರುತ್ತದೆ. ಪ್ರಶ್ನೋತ್ತರ ಬರೆಸಿ ಮುಗಿಸುವುದು ಎಲ್ಲಾ ಕಡೆ ನಡೆಯುವ ರೂಢಿ. ನಾನು ದಕ್ಷಿಣ ಕೊಡಗಿನ ಒಂದು ಹೈಸ್ಕೂಲಿನಲ್ಲಿ ಈ ವಿಷಯದ ಟೀಚರ್. ಕೆಲವು ಸರ್ಕಾರಿ ಶಾಲೆಗಳಲ್ಲಿ ಒಂಬತ್ತರಿಂದಲೇ ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಅಡಿಯಲ್ಲಿ ಐಟಿ, ರಿಟೇಲ್, ಆಟೋಮೊಬೈಲ್ ಹೀಗೆ ವೃತ್ತಿ ವಿಷಯ ಕಲಿಸುತ್ತಾರೆ. ನಮ್ಮಲ್ಲಿ ಅದಿಲ್ಲ. ಇದ್ದದ್ದು ಈ ನಾಲ್ಕೈದು ಪಾಠ ಮತ್ತು ಶನಿವಾರದ ಕೊನೆಯ ಪೀರಿಯಡ್ ಮಾತ್ರ. ಅಷ್ಟರಲ್ಲೇ ಒಂದು ಚಿಕ್ಕ ಕೋರ್ಸ್ ಮಾಡಿಕೊಂಡೆ. ಹೇಗೆ ಮಾಡಿದಿರಿ ಅಂತ ಬೇರೆ ಟೀಚರ್‌ಗಳು ಕೇಳುತ್ತಿರುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಸಮಯದ ವಿಚಾರ. ಕೊಡಗಿನಲ್ಲಿ ಜೂನ್, ಜುಲೈಯನ್ನು ನಂಬಿ ಏನೂ ಶುರು ಮಾಡಬಾರದು. ಜೋರು ಮಳೆ ಬಂದರೆ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ. ಡಿಸೆಂಬರ್ ಬಂತೆಂದರೆ ಕಾಫಿ ಕೊಯ್ಲು, ಹಿಂದಿನ ಬೆಂಚುಗಳು ಅರ್ಧ ಖಾಲಿ. ಹಾಗಾಗಿ ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬ ಮುಗಿದ ಮೇಲೆ ಶುರು ಮಾಡಿ ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ ಹುತ್ತರಿಯ ಒಳಗೆ ಮುಗಿಸುವುದು ಅಂತ ಇಟ್ಟುಕೊಂಡೆ. ಹತ್ತನೇ ಕ್ಲಾಸಿನವರಿಗೆ ಪರೀಕ್ಷೆಯ ತಲೆಬಿಸಿ ಇರುತ್ತದೆ. ಅದಕ್ಕೇ ಒಂಬತ್ತನೆಯವರನ್ನು ಹಿಡಿದೆ.

ಶುರು ಮಾಡಿದ್ದು ಒಂದು ಚೀಲ ರೊಬಸ್ಟಾ ಚೆರಿಯಿಂದ. ರೊಬಸ್ಟಾ ಕಾಫಿಯ ಒಂದು ಜಾತಿ, ಚೆರಿ ಅಂದರೆ ಸಿಪ್ಪೆ ಸಮೇತ ಇರುವ ಕಾಫಿ ಹಣ್ಣು. ಇಲ್ಲಿ ಒಣಗಿಸಿದ ಚೆರಿ ಮಾರುವುದು 50 ಕೆಜಿ ಚೀಲದ ಲೆಕ್ಕದಲ್ಲಿ, ಆದರೆ ದರ ನಿಂತಿರುವುದು ಓ.ಟಿ. ಮೇಲೆ. ಆ 50 ಕೆಜಿಯನ್ನು ಸಿಪ್ಪೆ ಬಿಡಿಸಿದರೆ ಎಷ್ಟು ಕೆಜಿ ಬೇಳೆ (ಕಾಫಿ ಬೀಜ) ಸಿಗುತ್ತದೋ ಅದೇ ಓ.ಟಿ., ಅಂದರೆ ಔಟ್ ಟರ್ನ್. ವ್ಯಾಪಾರಿ ಸ್ಯಾಂಪಲ್ ತೆಗೆದು, ಬಿಡಿಸಿ, ತೂಗಿ ಹೇಳುತ್ತಾನೆ. ಓ.ಟಿ. ಒಂದಕ್ಕೆ 300 ರೂಪಾಯಿ ಅಂತ ಇಟ್ಟುಕೊಳ್ಳಿ ಅಂದೆ. 26 ಬಂದರೆ ಚೀಲಕ್ಕೆ 7,800. 28 ಬಂದರೆ 8,400. ಎರಡೇ ಎರಡು ಪಾಯಿಂಟಿಗೆ 600 ರೂಪಾಯಿ. ನಲವತ್ತು ಚೀಲ ಇದ್ದರೆ 24,000. ತೋಟ ಇರುವ ಮನೆಯ ಮಕ್ಕಳೂ 'ಓ.ಟಿ. ಎಷ್ಟು ಬಂತು' ಅಂತ ಅಪ್ಪ ಫೋನಿನಲ್ಲಿ ಕೇಳುವುದನ್ನು ಕೇಳಿದ್ದರು ಅಷ್ಟೇ, ಲೆಕ್ಕ ಹಾಕಿ ನೋಡಿರಲಿಲ್ಲ. ಶೇಕಡಾವಾರು, ಗುಣಮಟ್ಟ, ಚೌಕಾಸಿ ಎಲ್ಲಾ ಆ ಒಂದು ಲೆಕ್ಕದಲ್ಲಿ ಬಂತು.

'ನಮ್ಮ ತೋಟದಲ್ಲಿ ಅಷ್ಟೇ ಕಾಫಿ, ದರ ಯಾಕೆ ಏರಿಳಿಯುತ್ತೆ?' ಅಂತ ಒಬ್ಬ ಕೇಳಿದ. ಅದಕ್ಕೆ ಭೂಪಟ ತೆಗೆದೆ. ರೊಬಸ್ಟಾ ದರಕ್ಕೆ ಲಂಡನ್ ಮಾರುಕಟ್ಟೆ ದಿಕ್ಕು, ಇನ್ನೊಂದು ಜಾತಿ ಅರೇಬಿಕಾಕ್ಕೆ ನ್ಯೂಯಾರ್ಕ್. ರೊಬಸ್ಟಾ ಹೆಚ್ಚು ಬೆಳೆಯುವ ವಿಯೆಟ್ನಾಮಿನಲ್ಲಿ ಮಳೆ ಕೈಕೊಟ್ಟರೆ ನಮ್ಮ ಕೊಡಗಿನ ಸಿದ್ದಾಪುರದಲ್ಲಿ ದರ ಏರುತ್ತದೆ. 1990ರ ದಶಕದ ನಡುವಿನವರೆಗೆ ಬೆಳೆಗಾರರು ಕಾಫಿಯನ್ನು ಕೇಂದ್ರ ಸರ್ಕಾರದ ಕಾಫಿ ಬೋರ್ಡಿಗೇ ಒಪ್ಪಿಸಬೇಕಿತ್ತು, ಅದು ಎಲ್ಲರದ್ದನ್ನೂ ಒಟ್ಟು ಸೇರಿಸಿ (ಪೂಲ್ ಮಾಡಿ) ಮಾರುತ್ತಿತ್ತು. ಈಗ ಮಾರುವ ಸ್ವಾತಂತ್ರ್ಯವೂ ಬೆಳೆಗಾರನದ್ದು, ಯಾವಾಗ ಮಾರಬೇಕು ಎಂಬ ತಲೆನೋವೂ ಅವನದ್ದೇ. ಈ ಕತೆಯನ್ನು ನನಗಿಂತ ಚೆನ್ನಾಗಿ ಮಕ್ಕಳ ಅಜ್ಜಂದಿರು ಹೇಳುತ್ತಾರೆ. ಹೋಗಿ ಕೇಳಿ ಅಂದೆ.

ಇಲ್ಲೊಂದು ಎಚ್ಚರ ಬೇಕು. ಮನೆಯ ನಿಜವಾದ ಲೆಕ್ಕ ತನ್ನಿ ಅಂತ ಮಕ್ಕಳಿಗೆ ಹೇಳಬೇಡಿ. ಸಾಲ ಎಷ್ಟಿದೆ, ಎಷ್ಟು ಚೀಲ ಬಂತು ಅನ್ನುವುದು ಮನೆಯ ಗುಟ್ಟು. ಅದಕ್ಕೆ ನಾವು ಕ್ಲಾಸಿನ ಬೋರ್ಡಿನ ಮೇಲೆ ಐದು ಎಕರೆಯ ಒಂದು ಸುಳ್ಳು ತೋಟ ಮಾಡಿದೆವು. ಮಕ್ಕಳೇ ತಿಂಗಳ ಪಟ್ಟಿ ತುಂಬಿಸಿದರು. ಮಾರ್ಚಿನ ಹೊತ್ತಿಗೆ ಕಾಫಿ ಹೂ ಬಿಡಿಸುವ ಹೂಮಳೆ ಬರದಿದ್ದರೆ ಸ್ಪ್ರಿಂಕ್ಲರ್, ಡೀಸೆಲ್. ಮಳೆಗೆ ಮುಂಚೆ ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು), ಗೊಬ್ಬರ, ಮೆಣಸಿನ ಬಳ್ಳಿಗೆ ರೋಗ ಬಾರದಂತೆ ಬೋರ್ಡೋ ದ್ರಾವಣ. ಮಳೆ ಕಳೆದ ಮೇಲೆ ಕಳೆ, ಮತ್ತೆ ಗೊಬ್ಬರ. ಖರ್ಚು ಹನ್ನೆರಡು ತಿಂಗಳೂ ಇದೆ, ದುಡ್ಡು ಬರುವುದು ಕೊಯ್ಲಾದ ಮೇಲೆ. ಆಗಸ್ಟಿನಲ್ಲಿ ತೋಟದ ಕೈ ಖಾಲಿ. ಸಹಕಾರ ಸಂಘದ ಬೆಳೆ ಸಾಲ ಯಾಕೆ ಬೇಕು, ಗಡುವಿನೊಳಗೆ ಕಟ್ಟದಿದ್ದರೆ ಬಡ್ಡಿ ರಿಯಾಯಿತಿ ಯಾಕೆ ಹೋಗುತ್ತದೆ ಅಂತ ನಾನು ಬೇರೆ ವಿವರಿಸಬೇಕಾಗಲಿಲ್ಲ.

ಕ್ಲಾಸಿನ ಅರ್ಧದಷ್ಟು ಮಕ್ಕಳಿಗೆ ತೋಟ ಇಲ್ಲ. ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುವವರು, ಪೇಟೆಯಲ್ಲಿ ಚಿಕ್ಕ ಅಂಗಡಿ ಇರುವವರು, ಆಟೋ ಓಡಿಸುವವರ ಮಕ್ಕಳು. ಬರೀ ಮಾಲೀಕರ ಲೆಕ್ಕ ಮಾಡಿದರೆ ಇವರು ಕಿಟಕಿ ನೋಡುತ್ತಾ ಕೂರುತ್ತಾರೆ. ಹಾಗಾಗಿ ಅದೇ ಚೀಲದ ಕೊಯ್ಲಿನ ಕೂಲಿ ತೆಗೆದೆವು. ಒಂದು ಚೀಲ ಒಣ ಚೆರಿಗೆ ಸುಮಾರು 110 ಕೆಜಿ ಹಸಿ ಹಣ್ಣು ಬೇಕು. ಕೆಜಿಗೆ 6 ರೂಪಾಯಿ ಕೂಲಿ ಅಂತ ಹಿಡಿದರೆ 660. ಅಲ್ಲಿಗೆ ಜಗಳ ಶುರುವಾಯಿತು. ತೋಟದ ಮನೆಯ ಹುಡುಗ ಎದ್ದು, 'ಕೊಯ್ಲು ಒಂದೇ ಅಲ್ಲ ಮೇಡಂ, ವರ್ಷವಿಡೀ ಕೂಲಿ, ಪಿಎಫ್, ಬೋನಸ್ಸು ಎಲ್ಲಾ ಸೇರಿಸಿ' ಅಂದ. ಅವನು ಹೇಳಿದ್ದು ಸರಿಯೇ, ತೋಟದಲ್ಲಿ ದೊಡ್ಡ ಖರ್ಚೇ ಆಳಿನ ಖರ್ಚು. ಆಗ ಲೈನ್ ಮನೆಯ ಹುಡುಗಿಯೊಬ್ಬಳು ಮೆಲ್ಲಗೆ ಹೇಳಿದ್ದು ಇದು: 'ಕಾಯಿ ಬಿಟ್ಟು ಹಣ್ಣು ಮಾತ್ರ ಕೊಯ್ದರೆ ಓ.ಟಿ. ಜಾಸ್ತಿ ಬರುತ್ತೆ ಅಲ್ವಾ? ಕೂಲಿ ಕೊಡೋದು ಕೆಜಿ ಲೆಕ್ಕದಲ್ಲಿ. ಹಣ್ಣು ಆರಿಸ್ತಾ ಕೂತರೆ ಅಮ್ಮನಿಗೆ ತೂಕ ಕಡಿಮೆಯಾಗುತ್ತೆ.'

ಕ್ಲಾಸು ಸುಮ್ಮನಾಯಿತು. ಎರಡು ಪಾಯಿಂಟಿನ 600, ಕೊಯ್ಲಿನ 660, ಎರಡೂ ಬೋರ್ಡಿನ ಮೇಲೆ ಅಕ್ಕಪಕ್ಕದಲ್ಲೇ ಇದ್ದವು. ಆ ಪೀರಿಯಡ್ ಪೂರ್ತಿ ಅದರ ಮೇಲೆಯೇ ಹೋಯಿತು. ಹಣ್ಣು ಮಾತ್ರ ಕೊಯ್ದರೆ ಕೆಜಿಗೆ ಒಂದು ರೂಪಾಯಿ ಜಾಸ್ತಿ ಕೊಡೋಣ ಅಂದರು ಕೆಲವರು. ಅದನ್ನು ಯಾರು ನೋಡಿ ಅಳೆಯುತ್ತಾರೆ, ತೋಟದ ಲೆಕ್ಕ ಬರೆಯುವ ರೈಟರಿಗೆ ಅಷ್ಟು ಪುರುಸೊತ್ತು ಇದೆಯಾ ಅಂತ ಇನ್ನು ಕೆಲವರು. ಬಿಬಿಎ, ಎಂಬಿಎ ಓದುವವರು ತಲೆ ಕೆಡಿಸಿಕೊಳ್ಳುವ ಪ್ರಶ್ನೆ ಇದು. ನಾನು ಉತ್ತರ ಕೊಡಲಿಲ್ಲ, ಕೊಡುವಷ್ಟು ನನಗೂ ಗೊತ್ತಿಲ್ಲ. ಮುಂದಿನ ವಾರ ತೋಟದ ಮನೆಯ ಹುಡುಗನನ್ನು ಕೂಲಿಯ ಕಡೆ, ಲೈನ್ ಮನೆಯ ಹುಡುಗಿಯನ್ನು ಮಾಲೀಕರ ಕಡೆ ಕೂರಿಸಿ ಮತ್ತೆ ಲೆಕ್ಕ ಮಾಡಿಸಿದೆ. ಮಾಲೀಕಳಾದ ಮೇಲೆ ಅವಳು ಅವನಿಗಿಂತ ಬಿಗಿ!

ಸಾಲದ ಬಡ್ಡಿಯನ್ನೂ ಹೀಗೇ ಮಾಡಿದೆವು. ವಾರದ ಕಂತಿನ ಸಾಲ ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. 10,000 ಸಾಲ, 12 ಪರ್ಸೆಂಟ್ ಫ್ಲಾಟ್ ಬಡ್ಡಿ, ಒಂದು ವರ್ಷ. ಒಟ್ಟು 11,200 ಕಟ್ಟಬೇಕು, ವಾರಕ್ಕೆ ಸುಮಾರು 215. ನೋಡಲಿಕ್ಕೆ ಕಡಿಮೆ. ಆದರೆ ಮೊದಲ ವಾರದಿಂದಲೇ ಅಸಲು ಕರಗುತ್ತಾ ಹೋಗುತ್ತದೆ, ಬಡ್ಡಿ ಮಾತ್ರ ಕೊನೆಯವರೆಗೂ ಪೂರ್ತಿ 10,000ದ ಮೇಲೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಬಡ್ಡಿ 20 ಪರ್ಸೆಂಟ್ ದಾಟುತ್ತದೆ. ಗಣಿತದ ಮೇಷ್ಟ್ರು ಇದಕ್ಕೆ ಬಂದು ಕೂತರು. ಈ ಒಂದು ಪಾಠವನ್ನು ಮಕ್ಕಳು ಮನೆಗೆ ಹೋಗಿ ಅಮ್ಮಂದಿರಿಗೆ ಮಾಡಿದ್ದಾರೆ ಅಂತ ಆಮೇಲೆ ಗೊತ್ತಾಯಿತು.

ಶಾಲಾ ವಾರ್ಷಿಕೋತ್ಸವಕ್ಕೆ ಕಾಫಿ ಪುಡಿಯ ಸ್ಟಾಲ್ ಹಾಕಿದೆವು. ಬೇಳೆ ಕೆಜಿಗೆ 400 ಅಂತ ಹಿಡಿದು ಮಕ್ಕಳು ಪುಡಿಗೂ 400ರಿಂದಲೇ ಲೆಕ್ಕ ಶುರು ಮಾಡಿದ್ದರು. ಹುರಿದಾಗ ತೂಕ ಇಳಿಯುತ್ತದೆ, ಒಂದು ಕೆಜಿ ಬೇಳೆ ಸುಮಾರು 830 ಗ್ರಾಂ ಆಗುತ್ತದೆ. ಅಂದರೆ ಹುರಿದ ಬೇಳೆಯೇ ಕೆಜಿಗೆ 480 ದಾಟಿತು. ಮೇಲೆ ಹುರಿಯುವ, ಪುಡಿ ಮಾಡುವ ಕೂಲಿ, ಪೊಟ್ಟಣ, ಲೇಬಲ್. ಹೊರಗೆ ಮಾರುವ ಪೊಟ್ಟಣದ ಮೇಲೆ ಏನೇನು ಇರಬೇಕು ಅಂತ ಅಂಗಡಿಯ ಪೊಟ್ಟಣಗಳನ್ನೇ ತಂದು ನೋಡಿದೆವು: ನಿವ್ವಳ ತೂಕ, ಎಂಆರ್‌ಪಿ, ತಯಾರಕರ ವಿಳಾಸ, ಪ್ಯಾಕ್ ಮಾಡಿದ ತಿಂಗಳು, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ನಂಬರ್, ಚಿಕೋರಿ ಸೇರಿಸಿದ್ದರೆ ಎಷ್ಟು ಪರ್ಸೆಂಟ್ ಅನ್ನುವುದು. ಚಿಕೋರಿ 49 ಪರ್ಸೆಂಟಿಗಿಂತ ಜಾಸ್ತಿ ಇರುವಂತಿಲ್ಲ. ತಮ್ಮ ಮನೆಯಲ್ಲಿ ಕುಡಿಯುವ ಪೊಟ್ಟಣ ತಿರುಗಿಸಿ ನೋಡಿ ಇಬ್ಬರ ಮುಖ ಸಪ್ಪಗಾಯಿತು. ನಮ್ಮ ಸ್ಟಾಲಿನದ್ದು ಚಿಕೋರಿ ಇಲ್ಲದ ಪುಡಿ, ಗ್ರಾಹಕರೆಲ್ಲಾ ಅಪ್ಪ ಅಮ್ಮಂದಿರೇ.

ಆಮೇಲೆ ಇಬ್ಬರು ಹುಡುಗಿಯರು ಪಾರ್ಟ್‌ನರ್‌ಶಿಪ್ ಮಾಡಿ ಹೋಮ್‌ಮೇಡ್ ಚಾಕೊಲೇಟ್ ಮಾರುತ್ತೇವೆ ಅಂತ ಬಂದರು. 1872ರ ಕರಾರು ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರು ಮಾಡಿಕೊಂಡ ಕರಾರಿಗೆ ಬೆಲೆ ಇಲ್ಲ. ಪಾಲುದಾರರೂ ಆಗುವಂತಿಲ್ಲ, ಉಳಿದ ಪಾಲುದಾರರೆಲ್ಲಾ ಒಪ್ಪಿದರೆ ಲಾಭದಲ್ಲಿ ಪಾಲು ಪಡೆಯಬಹುದು ಅಷ್ಟೇ. ಆದರೆ ಹತ್ತು ವರ್ಷ ದಾಟಿದವರು ಸ್ವಂತವಾಗಿ ಉಳಿತಾಯ ಖಾತೆ ನಡೆಸಲು ಅವಕಾಶ ಇದೆ. ಮೊದಲು ಖಾತೆ ತೆರೆಯಿರಿ, ಬಿಲ್ಲು ಅಮ್ಮನ ಹೆಸರಿನಲ್ಲಿರಲಿ ಅಂದೆ.

ಇನ್ನು ಮುಂದೇನು ಓದುವುದು ಅನ್ನುವ ಪ್ರಶ್ನೆ. ಸೈನ್ಸ್ ಸಿಗದವರಿಗೆ ಕಾಮರ್ಸ್, ಅದೂ ಸಿಗದವರಿಗೆ ಆರ್ಟ್ಸ್ ಅನ್ನುವ ಮಾತು ಇಲ್ಲೂ ಗಟ್ಟಿ. ಗಂಡು ಮಕ್ಕಳನ್ನು ಕೇಳಿದರೆ ಮಿಲಿಟರಿ ಅಥವಾ ಹಾಕಿ. ಕಾರ್ಯಪ್ಪ, ತಿಮ್ಮಯ್ಯನವರ ಊರಿನಲ್ಲಿ ಅದು ಸಹಜ, ಅದಕ್ಕೆ ನನ್ನ ತಕರಾರಿಲ್ಲ. ನಾನು ಅದೇ ಚೀಲ ಹಿಡಿದು, ಇದು ತೋಟ ಬಿಟ್ಟ ಮೇಲೆ ಯಾರ್‍ಯಾರ ಕೈಗೆ ಹೋಗುತ್ತದೆ ಅಂತ ಪಟ್ಟಿ ಮಾಡಿಸಿದೆ. ರೈಟರ್, ಲಾರಿಯವರು, ಬ್ಯಾಂಕಿನ ಫೀಲ್ಡ್ ಆಫೀಸರ್, ಸಿಪ್ಪೆ ಬಿಡಿಸಿ ಬೇಳೆ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನ ಗ್ರೇಡಿಂಗ್‌ನವರು, ರಫ್ತಿನ ಕಾಗದಪತ್ರ ನೋಡುವವರು, ಆಡಿಟರ್, ಕಾಫಿ ಕುಡಿದು ಗುಣ ಹೇಳುವ ಟೇಸ್ಟರ್. ಆಮೇಲೆ ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದ ಒಂದು ಕ್ಯೂರಿಂಗ್ ವರ್ಕ್ಸ್‌ಗೆ ಕರೆದುಕೊಂಡು ಹೋದೆ. ರುಚಿ ನೋಡಿ ಸಂಬಳ ತೆಗೆದುಕೊಳ್ಳುತ್ತಾರೆ ಅನ್ನುವುದನ್ನು ಮಕ್ಕಳು ನಂಬಲೇ ಇಲ್ಲ. ಕಾಫಿ ಬೋರ್ಡ್ ಪದವಿ ಆದವರಿಗೆ ಕಾಫಿ ಗುಣಮಟ್ಟದ ಪಿಜಿ ಡಿಪ್ಲೊಮಾ ನಡೆಸುತ್ತದೆ ಅಂದಾಗ ನೋಟ್‌ಬುಕ್ ತೆಗೆದರು.

ಕಾಮರ್ಸಿಗೆ ಹೋಗುವವರಿಗೆ ನಾನು ಹೇಳುವುದು ಇಷ್ಟು. ಪಿಯುಸಿಯಲ್ಲಿ ಲೆಕ್ಕಶಾಸ್ತ್ರ, ವ್ಯವಹಾರ ಅಧ್ಯಯನ, ಅರ್ಥಶಾಸ್ತ್ರದ ಜೊತೆ ನಾಲ್ಕನೆಯದಾಗಿ ಇತಿಹಾಸವೋ ಸಂಖ್ಯಾಶಾಸ್ತ್ರವೋ ಕಂಪ್ಯೂಟರೋ ಅಂತ ಯೋಚಿಸಿ ತಗೊಳ್ಳಿ, ಗೆಳತಿ ತಗೊಂಡಳು ಅಂತ ಅಲ್ಲ. ಸಿಎ ಫೌಂಡೇಶನ್‌ಗೆ ಎಸ್‌ಎಸ್‌ಎಲ್‌ಸಿ ಆದ ಕೂಡಲೇ ಹೆಸರು ನೋಂದಾಯಿಸಬಹುದು, ಪರೀಕ್ಷೆ ಬರೆಯುವುದು ದ್ವಿತೀಯ ಪಿಯುಸಿ ನಂತರ. ಬೇಗ ದುಡಿಯಬೇಕಾದ ಮನೆಯವರಿಗೆ ಐಟಿಐ, ಡಿಪ್ಲೊಮಾ ಇದೆ. ಡಿಪ್ಲೊಮಾದಲ್ಲಿ ಕಮರ್ಷಿಯಲ್ ಪ್ರಾಕ್ಟೀಸ್ ಅನ್ನುವ ವಿಭಾಗವೂ ಇದೆ ಅನ್ನುವುದು ಪೋಷಕರಲ್ಲಿ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ.

ಮಾಡುವವರಿಗೆ ಒಂದೆರಡು ಮಾತು. ಹೊರಗೆ ಕರೆದೊಯ್ಯಲು ಮುಖ್ಯೋಪಾಧ್ಯಾಯರ ಅನುಮತಿ, ಪೋಷಕರ ಒಪ್ಪಿಗೆ ಪತ್ರ ಮೊದಲೇ ತೆಗೆದಿಟ್ಟುಕೊಳ್ಳಿ. ಬ್ಯಾಂಕ್ ಮ್ಯಾನೇಜರನ್ನು ಮಾರ್ಚಿನಲ್ಲಿ ಕರೆಯಬೇಡಿ, ಬರುವುದಿಲ್ಲ. ಕ್ಯೂರಿಂಗ್ ವರ್ಕ್ಸ್‌ಗೆ ಕೊಯ್ಲಿಗೆ ಮುಂಚೆ ಹೋದರೆ ಮಿಷನ್ ಖಾಲಿ ನಿಂತಿರುತ್ತವೆ, ಆದ್ದರಿಂದ ಆ ಒಂದು ಭೇಟಿಯನ್ನು ಮಾತ್ರ ಜನವರಿಗೆ ಇಟ್ಟುಕೊಳ್ಳಿ. ಈ ಸಲ ಮಕ್ಕಳು ಕಾಫಿ ಪುಡಿ ಬೇಡ, ಕರಿಮೆಣಸು ಮಾಡೋಣ ಅನ್ನುತ್ತಿದ್ದಾರೆ. ಹುರಿಯುವ ಖರ್ಚಿಲ್ಲ, ಬೇಗ ಕೆಡುವುದಿಲ್ಲ. ಮೆಣಸಿಗೆ ಓ.ಟಿ. ಬದಲು ಲೀಟರ್ ತೂಕ ನೋಡುತ್ತಾರೆ. ಒಂದು ಲೀಟರ್ ಅಳತೆಯ ಡಬ್ಬಿ ಮತ್ತು ತಕ್ಕಡಿ ಕೊಡಿ ಅಂತ ವಿಜ್ಞಾನದ ಲ್ಯಾಬಿಗೆ ಹೇಳಿಟ್ಟಿದ್ದೇನೆ.