ರಿಮಾಂಡ್ ದಿನವೇ ಮುಖ ನೋಡಿ: ಹೊಸದಾಗಿ ಚೀಫ್ ಆದವರಿಗೆ

ಜಿಲ್ಲೆಯ ಮುಖ್ಯ ಕಾನೂನು ನೆರವು ರಕ್ಷಣಾ ವಕೀಲರಾಗಿ ಸೇರಿದ್ದೀರಾ? ಕೋರ್ಟಿನಲ್ಲಿ ಎಲ್ಲರೂ ನಿಮ್ಮನ್ನು ಚೀಫ್ ಅಂತಲೇ ಕರೆಯುತ್ತಾರೆ. ನಾನು 15 ವರ್ಷ ಸ್ವಂತ ವಕೀಲಿಕೆ ಮಾಡಿ ಈ ಕುರ್ಚಿಗೆ ಬಂದವಳು. ಮೊದಲ ವರ್ಷ ನನ್ನಿಂದ ಆದ ತಪ್ಪು ನಿಮ್ಮಿಂದ ಆಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾಲ್ಸಾ, ಅಂದರೆ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ, ಈ ರಕ್ಷಣಾ ವಕೀಲರ ಯೋಜನೆ ತಂದಿದ್ದು 2022ರಲ್ಲಿ. ಅದಕ್ಕೂ ಮೊದಲು ಪ್ಯಾನಲ್ ವಕೀಲರು (ಪ್ರಾಧಿಕಾರದ ಪಟ್ಟಿಯಲ್ಲಿರುವ ಖಾಸಗಿ ವಕೀಲರು) ತಮ್ಮ ಕೇಸುಗಳ ನಡುವೆ ಬಡವರ ಕೇಸು ನೋಡುತ್ತಿದ್ದರು. ಈಗ ಚೀಫ್, ಡೆಪ್ಯುಟಿ, ಅಸಿಸ್ಟೆಂಟ್ ಎಲ್ಲರೂ ಪೂರ್ಣಾವಧಿ. ಹೊರಗಿನ ಕೇಸು ಹಿಡಿಯುವಂತಿಲ್ಲ. ಕಕ್ಷಿದಾರರಿಂದ ಒಂದು ರೂಪಾಯಿಯನ್ನೂ ಮುಟ್ಟುವಂತಿಲ್ಲ, ಜೆರಾಕ್ಸ್ ಹೆಸರಲ್ಲೂ ಇಲ್ಲ. ಈ ಮಾತನ್ನು ಮೊದಲ ದಿನವೇ ಗುಮಾಸ್ತರಿಂದ ಹಿಡಿದು ಎಲ್ಲರನ್ನೂ ಕೂರಿಸಿಕೊಂಡು ಹೇಳಿ.

ಮುಂದಿನ ಕೆಲಸ, ರಿಮಾಂಡ್‌ಗೆ (ಬಂಧಿತರನ್ನು ಕಸ್ಟಡಿಗೆ ಕಳಿಸಲು ಮ್ಯಾಜಿಸ್ಟ್ರೇಟರ ಮುಂದೆ ತಂದಾಗ) ಯಾರು ಹೋಗಬೇಕು ಅನ್ನೋ ಪಾಳಿ. ಭಾನುವಾರ ಮತ್ತು ಹಬ್ಬದ ದಿನ ಸೇರಿಸಿ ಬರೆಯಿರಿ. ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ತಂದ ಮೊದಲ ಹೊತ್ತಿನಿಂದಲೇ ಅವರಿಗೆ ವಕೀಲರು ಸಿಗಬೇಕು ಅಂತ ಸುಪ್ರೀಂ ಕೋರ್ಟ್ 1980ರಲ್ಲೇ ಖತ್ರಿ ಪ್ರಕರಣದಲ್ಲಿ ಹೇಳಿದೆ. ಪೊಲೀಸ್ ಜೀಪು ರಾತ್ರಿ ಎಂಟಕ್ಕೆ ಜಡ್ಜ್ ಮನೆಗೆ ಬಂದರೆ ನಮ್ಮವರೂ ಅಲ್ಲಿರಬೇಕು, ಅಲ್ವಾ?

ಅಲ್ಲಿ ಸಿಗುವುದು ಐದು ನಿಮಿಷ. ಅಷ್ಟರಲ್ಲಿ ಏನು ಕೇಳಬೇಕು ಅಂತ ಕಿರಿಯರಿಗೆ ಕಲಿಸಿ. ನಿಜವಾಗಿ ಹಿಡಿದಿದ್ದು ಯಾವಾಗ? ಕಾಗದದಲ್ಲಿರುವ ಹೊತ್ತಿಗೂ ಅದಕ್ಕೂ ತಾಳೆಯಾಗುತ್ತಾ? ಯಾಕೆ ಹಿಡಿದರು ಅಂತ ಹೇಳಿದರಾ? ಮನೆಗೆ ತಿಳಿಸಿದರಾ? ಹೊಡೆದರಾ? ದಿನಾ ನುಂಗುವ ಮಾತ್ರೆ ಇದೆಯಾ? ವಯಸ್ಸೆಷ್ಟು? ಕಾಗದದಲ್ಲಿ 19 ಅಂತಿದ್ದ ಒಬ್ಬ ಹುಡುಗನ ಶಾಲೆಯ ದಾಖಲೆ ತರಿಸಿದೆವು. ಅವನಿಗೆ 18 ತುಂಬಿರಲಿಲ್ಲ. ಅವನ ಕೇಸು ಬಾಲ ನ್ಯಾಯ ಮಂಡಳಿಗೆ ಹೋಯಿತು. ಕಸ್ಟಡಿಯಲ್ಲಿರುವವರ ಹತ್ತಿರ ಆದಾಯದ ಸರ್ಟಿಫಿಕೇಟ್ ಮಾತ್ರ ಕೇಳಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಅವರಿಗೆ ಅದು ಬೇಕಿಲ್ಲ.

ಎಷ್ಟೋ ಜನ ನಮ್ಮನ್ನು ಪಿಪಿ, ಅಂದರೆ ಸರ್ಕಾರಿ ಅಭಿಯೋಜಕರು, ಅಂದುಕೊಳ್ಳುತ್ತಾರೆ. 'ಅಕ್ಕಾ, ನೀವು ಸರ್ಕಾರದ ಕಡೆಯವರಲ್ವಾ?' ಅಂತ ಒಬ್ಬ ಗಾರೆ ಕೆಲಸದವರು ನನ್ನನ್ನೇ ಕೇಳಿದ್ದರು. ಅದಕ್ಕೇ ಮೊದಲ ಮಾತು ಹೀಗಿರಲಿ: 'ನಾನು ನಿಮ್ಮ ವಕೀಲೆ. ದುಡ್ಡು ಬೇಡ. ನೀವು ಹೇಳಿದ್ದನ್ನು ಪೊಲೀಸರಿಗೆ ಹೇಳೋದಿಲ್ಲ.' ಅವರಿಗೆ ಕನ್ನಡ ಬರದಿದ್ದರೆ ಅವರ ಭಾಷೆ ಬಲ್ಲವರನ್ನು ಹುಡುಕಿ. ನಮ್ಮಲ್ಲಿ ಲಂಬಾಣಿ ಬಲ್ಲ ಅಸಿಸ್ಟೆಂಟ್ ಬಂದ ಮೇಲೆ ತಾಂಡಾದವರು ಪೂರ್ತಿ ಕಥೆ ಹೇಳತೊಡಗಿದರು.

ಇನ್ನು ದಿನಾಂಕದ ಪುಸ್ತಕ. ಇದರ ಬಗ್ಗೆ ಜಾಸ್ತಿ ಹೇಳಬೇಕು.

ಚಾರ್ಜ್‌ಶೀಟ್ 60 ದಿನದಲ್ಲಿ ಬರದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ. ಮರಣದಂಡನೆ, ಜೀವಾವಧಿ ಅಥವಾ 10 ವರ್ಷ ಮತ್ತು ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಕೇಸಾದರೆ 90 ದಿನ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 167(2) ಇತ್ತು, 2024ರ ಜುಲೈ 1ರಿಂದ ಅದರ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 187(3). ಎಣಿಸುವುದು ರಿಮಾಂಡ್ ಆದ ದಿನದಿಂದ, ಆ ದಿನವನ್ನೂ ಸೇರಿಸಿ. ಮಾರ್ಚ್ 1ಕ್ಕೆ ರಿಮಾಂಡ್ ಆಗಿದ್ದರೆ ಏಪ್ರಿಲ್ 29ಕ್ಕೆ 60 ದಿನ ತುಂಬುತ್ತದೆ. ಏಪ್ರಿಲ್ 30ರ ಬೆಳಿಗ್ಗೆ ಕೋರ್ಟ್ ಶುರುವಾಗುವಾಗ ಅರ್ಜಿ ಕೈಯಲ್ಲಿರಬೇಕು. ನಾವು ಅರ್ಜಿ ಹಾಕುವ ಮೊದಲೇ ಚಾರ್ಜ್‌ಶೀಟ್ ಬಂದುಬಿಟ್ಟರೆ ಆ ಹಕ್ಕು ಹೋಯಿತು.

ಒಂದು ಕಳ್ಳತನದ ಕೇಸಿನಲ್ಲಿ ನಾವು ಎರಡು ದಿನ ತಡ ಮಾಡಿದೆವು. ಡೆಪ್ಯುಟಿ ನೋಡುತ್ತಾರೆ ಅಂತ ನಾನು, ನಾನು ನೋಡುತ್ತೇನೆ ಅಂತ ಅವರು. ಅಷ್ಟರಲ್ಲಿ ಚಾರ್ಜ್‌ಶೀಟ್ ಬಂತು. ಆ ಮನುಷ್ಯ ಮತ್ತೆ ನಾಲ್ಕು ತಿಂಗಳು ಒಳಗಿದ್ದರು. ಅವರ ಹೆಂಡತಿ ನಮ್ಮ ಆಫೀಸಿನ ಬೆಂಚಿನ ಮೇಲೆ ಕೂತು ಏನೂ ಕೇಳದೆ ಎದ್ದು ಹೋದರು. ಅದು ನನ್ನ ತಪ್ಪು. ಪುಸ್ತಕ ಶುರುವಾಗಿದ್ದು ಮರುದಿನ.

ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು. ರಿಮಾಂಡ್ ದಿನ, 60 ಅಥವಾ 90 ತುಂಬುವ ದಿನ, ನೋಡಿಕೊಳ್ಳುವ ವಕೀಲರ ಹೆಸರು. ಹೆಸರು ಒಂದೇ ಇರಲಿ, ಎರಡು ಬೇಡ. ಜೊತೆಗೆ ಬಿಎನ್‌ಎಸ್‌ಎಸ್‌ನ 479ನೇ ಕಲಂನ ದಿನವನ್ನೂ ಬರೆಯಿರಿ. ಹಿಂದೆ ಯಾವ ಅಪರಾಧದಲ್ಲೂ ದೋಷಿ ಅಂತ ತೀರ್ಪಾಗದವರಿಗೆ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ, ಉಳಿದವರಿಗೆ ಅರ್ಧ ಒಳಗೇ ಕಳೆದರೆ ಬಿಡುಗಡೆ ಕೇಳಬಹುದು. ಮರಣದಂಡನೆ, ಜೀವಾವಧಿಯ ಕೇಸಿಗೆ ಇದಿಲ್ಲ. ಬೇರೆ ಕೇಸುಗಳೂ ಬಾಕಿ ಇದ್ದವರಿಗೂ ಸಿಗುವುದಿಲ್ಲ. ಪುಸ್ತಕವನ್ನು ದಿನಾ ಬೆಳಿಗ್ಗೆ ನೀವೇ ತೆರೆಯಿರಿ.

ಕೊಲೆ ಕೇಸುಗಳನ್ನೆಲ್ಲ ನಾನೇ ನಡೆಸುತ್ತೇನೆ ಅನ್ನೋ ಆಸೆ ನಿಮಗೂ ಬರುತ್ತದೆ. ಬಿಡಿ. ಮೂರು ವರ್ಷಕ್ಕಿಂತ ಕಡಿಮೆ ಅನುಭವದ ಅಸಿಸ್ಟೆಂಟ್‌ಗಳು ಪಾಟಿ ಸವಾಲು ಕಲಿಯುವುದು ಎದ್ದು ನಿಂತಾಗಲೇ. ಶನಿವಾರ ಮಧ್ಯಾಹ್ನ ನಾವು ಒಂದು ಚಾರ್ಜ್‌ಶೀಟ್ ಗಟ್ಟಿಯಾಗಿ ಓದುತ್ತೇವೆ. ಮಹಜರಿಗೆ ಸಹಿ ಹಾಕಿದ ಪಂಚರು ಯಾವ ಊರಿನವರು, ಆ ಹೊತ್ತಿಗೆ ಅಲ್ಲಿ ಹೇಗೆ ಬಂದರು ಅಂತ ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಸಾಕ್ಷಿಯಾಗಿ ಉತ್ತರ ಕೊಡುತ್ತಾರೆ. ಒಂದೇ ಕೇಸಿನ ಇಬ್ಬರು ಆರೋಪಿಗಳು ಒಬ್ಬರ ಮೇಲೊಬ್ಬರು ಹಾಕುತ್ತಿದ್ದರೆ ಇಬ್ಬರನ್ನೂ ನಾವೇ ಇಟ್ಟುಕೊಳ್ಳಬಾರದು. ಒಬ್ಬರಿಗೆ ಪ್ಯಾನಲ್ ವಕೀಲರನ್ನು ಕೊಡಿ ಅಂತ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಗೆ ಬರೆಯಿರಿ.

ಜೈಲಿಗೆ ಹೋಗುವಾಗ ಚೀಟಿ ಒಯ್ಯಿರಿ. ಮುಂದಿನ ತಾರೀಖು, ಯಾವ ಕೋರ್ಟ್, ವಕೀಲರ ಹೆಸರು, 15100 ಕಾನೂನು ನೆರವು ಸಹಾಯವಾಣಿ. ಇಷ್ಟೇ ಬರೆದಿದ್ದರೂ ಅದನ್ನು ಮಡಿಸಿ ಜೇಬಿನಲ್ಲಿ ಜೋಪಾನ ಮಾಡುತ್ತಾರೆ.

ಜಾಮೀನು ಆದೇಶ ಆಯಿತು ಅಂತ ಫೈಲು ಮುಚ್ಚಬೇಡಿ. ಮುಕ್ಕಾಲು ಕಷ್ಟ ಶುರುವಾಗುವುದು ಅಲ್ಲೇ. ಶ್ಯೂರಿಟಿಗೆ ಪಹಣಿ ಬೇಕು ಅಂದರೆ ಗುಳೆ ಬಂದ ಕೂಲಿಯವರು ಎಲ್ಲಿಂದ ತರುತ್ತಾರೆ? ಆದೇಶವಾಗಿ 7 ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲು ಅಧೀಕ್ಷಕರು ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು ಅಂತ 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಹೇಳಿದೆ. ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಕೋರ್ಟ್ ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು. ನೀವು ಅಷ್ಟು ದಿನ ಕಾಯಬೇಡಿ. ಎಂಟನೇ ದಿನ ಜೈಲಿಗೆ ಫೋನ್ ಮಾಡಿ, ಒಂಬತ್ತನೇ ದಿನ ಷರತ್ತು ಇಳಿಸಲು ಅರ್ಜಿ ಹಾಕಿ. ನಮ್ಮ ಪುಸ್ತಕದ ಕೊನೆಯ ಕಾಲಂ 'ಮನೆ ತಲುಪಿದ ದಿನ'. ಅದು ತುಂಬುವವರೆಗೆ ಫೈಲು ನನ್ನ ಮೇಜಿನ ಮೇಲೇ ಇರುತ್ತದೆ.