ಹರ್ಡಿ ಗರ್ಡಿ ಕಿರುಚುತ್ತಿದೆಯಾ? ಮೊದಲು ಹತ್ತಿಯನ್ನು ನೋಡಿ

ವಯಲಿನ್ನಿನಲ್ಲಿ ಕಮಾನು ಮಾಡುವ ಕೆಲಸವನ್ನು ಹರ್ಡಿ ಗರ್ಡಿ ಎಂಬ ಯುರೋಪಿನ ತಂತಿವಾದ್ಯದಲ್ಲಿ ಮರದ ಚಕ್ರ ಮಾಡುತ್ತದೆ. ಬಲಗೈಯಲ್ಲಿ ಹಿಡಿ ತಿರುಗಿಸುತ್ತಾ ಎಡಗೈಯಲ್ಲಿ ಕೀ ಒತ್ತಬೇಕು, ಪಕ್ಕದ ಶ್ರುತಿ ತಂತಿಗಳು ನಿಲ್ಲದೆ ಮೊರೆಯುತ್ತಲೇ ಇರುತ್ತವೆ. ತಂಬೂರಿ ಕೇಳಿ ಬೆಳೆದ ಕಿವಿಗೆ ಇದು ಬೇಗ ಹಿಡಿಸುತ್ತದೆ. ಇದರ ಪೂರ್ವಜ ಆರ್ಗನಿಸ್ಟ್ರಮ್ ನುಡಿಸಲು ಇಬ್ಬರು ಬೇಕಿತ್ತು. ಸ್ಪೇನಿನ ಸಾಂಟಿಯಾಗೊ ಕ್ಯಾಥೆಡ್ರಲ್‌ನಲ್ಲಿರುವ 12ನೇ ಶತಮಾನದ ಕೆತ್ತನೆಯಲ್ಲಿ ಒಂದೇ ವಾದ್ಯ ಇಬ್ಬರ ತೊಡೆ ಮೇಲಿದೆ.

ಸದ್ದು ಕೆಟ್ಟಾಗ ಎಲ್ಲರೂ ವಾದ್ಯವನ್ನೇ ಬೈಯುತ್ತಾರೆ. ತಪ್ಪು ಸಾಮಾನ್ಯವಾಗಿ ಹತ್ತಿಯದು. ತಂತಿ ಚಕ್ರಕ್ಕೆ ತಾಗುವ ಜಾಗದಲ್ಲಿ ಹತ್ತಿ ಸುತ್ತಿರಬೇಕು, ಅದು ಸವೆದರೆ ತಂತಿ ಕಿರುಚುತ್ತದೆ, ಜಾಸ್ತಿಯಾದರೆ ಸದ್ದು ಮಂಕಾಗುತ್ತದೆ.

ತಂತಿಯನ್ನು ಚಕ್ರದಿಂದ ಎತ್ತಿ ಪಕ್ಕಕ್ಕಿಡಿ, ಹಳೆ ಹತ್ತಿ ತೆಗೆಯಿರಿ. ಉದ್ದ ಎಳೆಯ ಹತ್ತಿಯಿಂದ ತೆಳ್ಳಗೆ ಒಂದು ಚೂರು ಎಳೆದುಕೊಳ್ಳಿ, ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳ್ಳಗೆ. ಬೆರಳಲ್ಲಿ ಹೊಸೆಯುತ್ತಾ ಸುತ್ತಿ. ಚಕ್ರ ತಿರುಗಿದಾಗ ಅದು ಬಿಗಿಯಾಗಬೇಕು, ಬಿಚ್ಚಿಕೊಳ್ಳಬಾರದು, ದಿಕ್ಕು ನೋಡಿಕೊಳ್ಳಿ. ತಂತಿ ವಾಪಸ್ ಇಟ್ಟು ನಿಧಾನವಾಗಿ ತಿರುಗಿಸಿ, ಹತ್ತಿ ತಾನಾಗಿ ಕೂರುತ್ತದೆ.

ಇನ್ನೂ ಕರ್ಕಶವಾಗಿದ್ದರೆ, ಅದರಲ್ಲೂ ಮೇಲಿನ ಸ್ವರಗಳಲ್ಲಿ, ತಂತಿ ಚಕ್ರವನ್ನು ಜಾಸ್ತಿ ಒತ್ತುತ್ತಿದೆ ಎಂದರ್ಥ. ಕುದುರೆ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಮೇಲೆ, ತಂತಿಯ ಕೆಳಗೆ, ಕಾಗದದ ಸಣ್ಣ ಚೂರೊಂದನ್ನು ಸೇರಿಸಿ ನೋಡಿ. ಸುಮ್ನೆ ಕಾಗದವೇ, ಬೇರೇನೂ ಬೇಡ.

ರಾಳವನ್ನು ಚಕ್ರದ ಅಂಚಿಗೆ ಹಗುರವಾಗಿ ಹಚ್ಚಿ. ಅಲ್ಲಿ ಬೆರಳು ಮಾತ್ರ ಇಡಬೇಡಿ: ಚರ್ಮದ ಜಿಡ್ಡು ತಾಗಿದ ಕಡೆ ತಂತಿ ಜಾರುತ್ತದೆ. ಮಕ್ಕಳಿರುವ ಮನೆಯಲ್ಲಿ ಇದೊಂದು ಪಾಡೇ!

ಯಾವುದೋ ಒಂದು ಸ್ವರ ಮಾತ್ರ ಅಪಸ್ವರವಾದರೆ ಆ ಕೀಯ ಮೇಲಿನ ಪುಟ್ಟ ಮರದ ತುಂಡನ್ನು ಒಂಚೂರು ತಿರುಗಿಸಿದರೆ ಸಾಕು. ಆದರೆ ಹತ್ತಿ ಸರಿಹೋಗುವ ಮುಂಚೆ ಅದಕ್ಕೆ ಕೈ ಹಾಕಬೇಡಿ, ಎರಡೆರಡು ಸಲ ಕೆಲಸವಾಗುತ್ತದೆ. ಝುಯ್ಯೆಂದು ತಾಳ ಕೊಡುವ ‘ನಾಯಿ’ ಎಂಬ ಸಡಿಲ ಕುದುರೆಯನ್ನು ಆಮೇಲೆ ನೋಡಿಕೊಂಡರಾಯಿತು.

ಮಳೆಗಾಲದಲ್ಲಿ ಮರದ ಚಕ್ರ ತೇವ ಕುಡಿದು ಸೊಟ್ಟಗಾಗಬಹುದು. ಅದಕ್ಕೇ ಹಳೇ ವಾದ್ಯ ಕೊಳ್ಳುವ ಮುಂಚೆ ಒಂದೇ ಸ್ವರವನ್ನು ನಿಧಾನವಾಗಿ ಎಳೆದು ನುಡಿಸಿದ ವಿಡಿಯೊವನ್ನು ಮಾರುವವರಿಂದ ಕೇಳಿ ತರಿಸಿಕೊಳ್ಳಿ. ಪ್ರತಿ ಸುತ್ತಿಗೂ ಸದ್ದು ಏರಿಳಿಯುತ್ತಿದ್ದರೆ ಬೆಲೆ ಎಷ್ಟೇ ಕಮ್ಮಿಯಿರಲಿ, ಬಿಟ್ಟುಬಿಡಿ. ಹತ್ತಿ ನಾವೇ ಬದಲಾಯಿಸಬಹುದು, ಚಕ್ರ ಸರಿಮಾಡಲು ಅದನ್ನು ತಯಾರಿಸುವವರೇ ಬೇಕು.