ಬೆಟ್ಟದ ಬುಡದ ಕೆರೆಗೆ ಥರ್ಮಾಮೀಟರ್ ಇಳಿಬಿಟ್ಟ ವರ್ಷ

ಮೇಲುಕೋಟೆ ಕಡೆಯ ಬೆಟ್ಟಗಳ ಬುಡದಲ್ಲಿ ನಮ್ಮೂರ ಕೆರೆ ಇದೆ. ತೊಣ್ಣೂರು ಕೆರೆಯ ಹಾಗೆ ದೊಡ್ಡದಲ್ಲ, ಹೆಸರುವಾಸಿಯೂ ಅಲ್ಲ. ಮೂರು ಕಡೆ ಬಂಡೆ, ಒಂದು ಕಡೆ ಏರಿ. ಕೋಡಿ ಬಿದ್ದ ವರ್ಷ ತೂಬಿನ ಹತ್ತಿರ ಇಪ್ಪತ್ತಡಿ ನೀರು ನಿಲ್ಲುತ್ತದೆ. ಬೆನ್ನಿಗೆ ಎರಡು ಒಣ ತೆಂಗಿನಕಾಯಿ ಕಟ್ಟಿಕೊಂಡು ನಾನು ಈಜು ಕಲಿತದ್ದು ಇಲ್ಲೇ. ಈಗ ಅಣ್ಣನ ಮಗ ಕಲಿಯುತ್ತಿದ್ದಾನೆ.

ಒಂದು ಏಪ್ರಿಲ್ ಮಧ್ಯಾಹ್ನ ಅವನನ್ನು ದಡದಲ್ಲಿ ಕೂರಿಸಿ ನಾನು ಬಂಡೆಯಿಂದ ಧುಮುಕಿದೆ. ಮೇಲಿನ ನೀರು ಹಂಡೆಯ ನೀರಿನ ಹಾಗೆ ಬೆಚ್ಚಗಿತ್ತು. ಎರಡಾಳು ಕೆಳಗೆ ಹೋಗುವಷ್ಟರಲ್ಲಿ ಮೈ ಜುಮ್ಮೆನ್ನುವಷ್ಟು ತಂಪು. ಎಡಗಾಲಿನ ಮೀನಖಂಡ ಹಿಡಿದುಕೊಂಡಿತು. ಹೇಗೋ ಮೇಲೆ ಬಂದು ಅಂಗಾತ ತೇಲಿಕೊಂಡು ದಡ ಸೇರಿದೆ. ಹುಡುಗನ ಮುಖ ಬಿಳಿಚಿಕೊಂಡಿತ್ತು. ಏರಿ ಮೇಲೆ ಕುರಿ ಮೇಯಿಸುತ್ತಿದ್ದ ತಾತ ಒಬ್ಬರು, "ಮೇಲ್ಗಡೆ ಬೆಚ್ಗೈತೆ ಅಂತ ನಂಬ್‌ಬ್ಯಾಡ ಕಣ್ಲಾ ಮಗ, ತಳದ್ ನೀರೇ ಬ್ಯಾರೆ" ಅಂದರು. ಆ ಮಾತು ತಲೆಯಲ್ಲೇ ಕೂತುಬಿಟ್ಟಿತು. ಮೇಲಿನ ನೀರಿಗೂ ತಳದ ನೀರಿಗೂ ಎಷ್ಟು ವ್ಯತ್ಯಾಸ, ಯಾವ ತಿಂಗಳಲ್ಲಿ ಎಷ್ಟು ಅಂತ ಒಂದು ವರ್ಷ ಅಳೆದೇ ನೋಡೋಣ ಅಂದುಕೊಂಡೆ.

ಮೀನಿನ ತೊಟ್ಟಿಗೆ ಹಾಕುವ ಥರ್ಮಾಮೀಟರ್ ತಂದು ಹುರಿಗೆ ಕಟ್ಟಿ ಇಳಿಬಿಟ್ಟೆ. ಮೊದಮೊದಲು ಲೆಕ್ಕ ಸರಿ ಬರಲೇ ಇಲ್ಲ. ತಳದಿಂದ ಮೇಲೆ ಎಳೆಯುವಾಗ ಬಿಸಿ ನೀರು ದಾಟಿ ಬರಬೇಕಲ್ವಾ, ಅಷ್ಟರಲ್ಲಿ ಡಿಗ್ರಿ ಏರಿಬಿಡುತ್ತಿತ್ತು. ಆಮೇಲೆ ದಪ್ಪ ಗಾಜಿನ ಬಾಟಲಿಯೊಳಗೆ ಥರ್ಮಾಮೀಟರ್ ಇಟ್ಟೆ. ಬಾಟಲಿ ಮುಳುಗಲು ಕೆಳಗೊಂದು ಕಲ್ಲು, ಬಾಯಿಗೆ ಬಿರಡೆ, ಬಿರಡೆಗೆ ಬೇರೆ ದಾರ. ಹುರಿಗೆ ಒಂದೊಂದು ಮೊಳಕ್ಕೆ ಒಂದೊಂದು ಗಂಟು. ಬೇಕಾದ ಆಳಕ್ಕೆ ಇಳಿಸಿ ದಾರ ಜಗ್ಗಿದರೆ ಬಿರಡೆ ಕಿತ್ತುಬರುತ್ತದೆ, ಬುಳುಬುಳು ಅಂತ ಗುಳ್ಳೆ ಏಳುತ್ತದೆ. ಗುಳ್ಳೆ ನಿಂತ ಮೇಲೆ ಐದು ನಿಮಿಷ ಕಾದು, ಸರಸರ ಎಳೆದು, ಬಾಟಲಿಯೊಳಗಿನ ನೀರಿನಲ್ಲೇ ಓದಬೇಕು. ಅಷ್ಟು ನೀರು ಅಷ್ಟು ಬೇಗ ಬಿಸಿಯಾಗಲ್ಲ. ಟ್ರ್ಯಾಕ್ಟರ್ ಟ್ಯೂಬಿನ ಮೇಲೆ ಕೂತು ನಾನು ಓದಿ ಹೇಳಿದರೆ, ದಡದಲ್ಲಿ ಹುಡುಗ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ.

ಏಪ್ರಿಲ್ ಕೊನೆಯ ಮಧ್ಯಾಹ್ನ ಮೂರು ಗಂಟೆಗೆ ಮೇಲಿನ ಒಂದು ಮೊಳ ನೀರು 32 ಡಿಗ್ರಿ. ಎಂಟು ಮೊಳದ ಕೆಳಗೆ 26. ಕಾದ ನೀರು ಹಗುರ, ಮೇಲೇ ನಿಲ್ಲುತ್ತದೆ. ಗಾಳಿ ಇಲ್ಲದ ಬೇಸಿಗೆಯಲ್ಲಿ ಎರಡೂ ಬೆರೆಯುವುದೇ ಇಲ್ಲ. ಅದೇ ದಿನಗಳಲ್ಲಿ ಬೆಳಿಗ್ಗೆ ಆರೂವರೆಗೆ ಅಳೆದರೆ ಮೇಲಿನ ನೀರು 28ಕ್ಕೆ ಇಳಿದಿರುತ್ತಿತ್ತು.

ಈಜು ಅಂದರೆ ನಾವೆಲ್ಲ ಚಳಿಗೆ ಹೆದರುತ್ತೇವೆ. ಹಿಮಾಲಯದ ಕೆರೆಗಳಲ್ಲಿ ಅದು ಸರಿ. 15 ಡಿಗ್ರಿಗಿಂತ ಕೆಳಗಿನ ನೀರಿಗೆ ದಿಢೀರ್ ಬಿದ್ದರೆ ಏದುಸಿರು ಬಂದು ಮೊದಲ ಒಂದೆರಡು ನಿಮಿಷದಲ್ಲೇ ಜೀವಕ್ಕೆ ಅಪಾಯ. ನಮ್ಮ ಮಂಡ್ಯ ಸೀಮೆಯ ಕೆರೆಗಳು ಅಷ್ಟು ತಣ್ಣಗಾಗುವುದಿಲ್ಲ. ನಮಗೆ ಅಪಾಯ ಬಿಸಿಯದ್ದು. ಬಯಲು ನೀರಿನ ಸ್ಪರ್ಧೆಗೆ ಅಂತರರಾಷ್ಟ್ರೀಯ ಈಜು ಸಂಸ್ಥೆ ಇಟ್ಟಿರುವ ಮಿತಿ 16ರಿಂದ 31 ಡಿಗ್ರಿ. 2010ರಲ್ಲಿ ಅರಬ್ ಎಮಿರೇಟ್ಸ್‌ನ ಫುಜೈರಾದ ಬೆಚ್ಚನೆ ಸಮುದ್ರದಲ್ಲಿ ನಡೆದ 10 ಕಿಲೋಮೀಟರ್ ಸ್ಪರ್ಧೆಯಲ್ಲಿ ಅಮೆರಿಕದ ಈಜುಗಾರ ಫ್ರಾನ್ ಕ್ರಿಪ್ಪೆನ್ ತೀರಿಕೊಂಡ ಮೇಲೆ ಬಂದದ್ದು ಈ 31ರ ಗೆರೆ. ನಮ್ಮ ಕೆರೆಯ ಏಪ್ರಿಲ್ ಮಧ್ಯಾಹ್ನ ಅದನ್ನೂ ದಾಟಿತ್ತು! ನೀರಿನಲ್ಲಿ ಬೆವರಿದ್ದು ಗೊತ್ತಾಗುವುದಿಲ್ಲ, ಬಾಯಾರಿಕೆಯೂ ತಡವಾಗಿ ಆಗುತ್ತದೆ. ಈಗ ಬೇಸಿಗೆಯಲ್ಲಿ ಎಂಟು ಗಂಟೆ ಆದ ಮೇಲೆ ನಾನು ಕೆರೆಗೆ ಇಳಿಯುವುದಿಲ್ಲ, ಮಜ್ಜಿಗೆ ಚೊಂಬು ಇಲ್ಲದೆ ಹೋಗುವುದೂ ಇಲ್ಲ. ನೀರು ಕಮ್ಮಿಯಾಗಿ, ಹಸಿರು ಪಾಚಿ ಕೆನೆಗಟ್ಟಿದರೆ ಈಜು ಪೂರ್ತಿ ಬಂದ್. ಬೆಚ್ಚಗಿನ ನಿಂತ ನೀರಿನಲ್ಲಿ ಮೂಗಿನಿಂದ ಮೆದುಳಿಗೆ ಹೋಗುವ ಅಮೀಬಾ ಇರಬಹುದು. ಅಪರೂಪ ನಿಜ, ಆದರೆ ಹತ್ತಿದರೆ ಉಳಿಯುವವರು ತೀರಾ ಕಮ್ಮಿ. ಹುಡುಗನಿಗೆ ಅದಕ್ಕೇ ಮೂಗಿನ ಕ್ಲಿಪ್ಪು ಕೊಡಿಸಿದ್ದೇನೆ.

ಮೇ ತಿಂಗಳ ಮೊದಲ ಜೋರು ಮಳೆ ಬಿದ್ದ ಮಾರನೇ ದಿನ ಕೆರೆ ಬೇರೆಯದೇ ಆಗಿತ್ತು. ತಂಪು ಮಳೆ ನೀರು ಕೆಳಗಿಳಿದು, ಗಾಳಿ ಸೇರಿ, ತಳ ಮೇಲಾಗಿತ್ತು. ಮೇಲೂ ಕೆಳಗೂ ಒಂದೇ ಡಿಗ್ರಿ. ಕೊಳೆತ ಹೂಳಿನ ವಾಸನೆ. ಉಸಿರು ಸಾಲದೆ ಮೀನು ನೀರಿನ ಮೇಲೆ ಬಾಯಿ ಬಿಡುತ್ತಿದ್ದವು. ಆವತ್ತು ಬಾಟಲಿ ಇಳಿಸಿ, ಬರೆದುಕೊಂಡು ವಾಪಸ್ ಬಂದೆವು.

ಮಳೆಗಾಲದಲ್ಲಿ ನಾವು ಈಜುವುದೇ ಇಲ್ಲ. ಗದ್ದೆ, ಕೊಟ್ಟಿಗೆ ತೊಳೆದ ನೀರೆಲ್ಲ ಕೆರೆಗೇ ಬರುತ್ತದೆ. ಕಾಲಿನಲ್ಲಿ ಒಂದು ಗೀರು ಇದ್ದರೂ ಇಲಿ ಜ್ವರದ ಭಯ. ಹೊಳೆಯ ಕಡೆ ಹೋಗುವುದಂತೂ ಬೇಡ. ಶ್ರೀರಂಗಪಟ್ಟಣದಲ್ಲಿ ಬಿಸಿಲು ಕಾಯುತ್ತಿದ್ದರೂ ಕೊಡಗಿನಲ್ಲಿ ಮಳೆ ಹೊಯ್ದು, ಕನ್ನಂಬಾಡಿ ಕಟ್ಟೆ ತುಂಬಿ, ಗೇಟು ತೆಗೆದರೆ ಕಾವೇರಿ ನೋಡನೋಡುತ್ತಲೇ ಏರುತ್ತದೆ. ನಾಲೆ ಯಾವ ಕಾಲಕ್ಕೂ ಬೇಡ. ಜಾರುವ ಸಿಮೆಂಟು ಗೋಡೆ, ಹಿಡಿದುಕೊಳ್ಳಲು ಒಂದು ಹುಲ್ಲುಕಡ್ಡಿಯೂ ಸಿಗಲ್ಲ.

ದೀಪಾವಳಿ ಕಳೆದ ಮೇಲೆ ಮಣ್ಣು ತಳ ಸೇರಿ ನೀರು ತಿಳಿಯಾಗುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸಂಕ್ರಾಂತಿ ಬೆಳಿಗ್ಗೆ. ಸಂಜೆ ಕಿಚ್ಚು ಹಾಯಿಸಲು ದನಗಳ ಮೈ ತೊಳೆಯೋಕೆ ಊರೇ ಕೆರೆಗೆ ಬಂದಿತ್ತು. ಹೊರಗೆ 15 ಡಿಗ್ರಿ, ಮಾತಾಡಿದರೆ ಹಲ್ಲು ಕಟಕಟ. ನೀರು 22. ಕೆರೆ ತುಂಬಾ ಹಬೆ ಏಳುತ್ತಿತ್ತು. ನೀರಿಗಿಳಿಯಲು ಒಲ್ಲೆ ಅಂತ ಕೊಸರಾಡಿದ ಹೋರಿ, ಹೊಟ್ಟೆ ಮಟ್ಟ ಇಳಿದ ಮೇಲೆ ಹೊರಗೆ ಬರಲು ಒಪ್ಪಲಿಲ್ಲ. ಹುಡುಗ ಅದರ ಬಾಲ ಹಿಡಿದುಕೊಂಡು, "ಚಿಕ್ಕಪ್ಪ, ನೀರೇ ಬೆಚ್ಚಗಿದೆ" ಅಂತ ಕೂಗಿದ. ನೀರು ಕಾಯುವುದೂ ನಿಧಾನ, ಆರುವುದೂ ನಿಧಾನ. ಬಾಟಲಿ ಇಳಿಸಿದರೆ ತಳದಲ್ಲೂ 22. ಚಳಿಗಾಲದ ರಾತ್ರಿಗಳಲ್ಲಿ ಮೇಲಿನ ನೀರು ತಣ್ಣಗಾಗಿ ಕೆಳಗಿಳಿಯುತ್ತಾ ಇಡೀ ಕೆರೆ ಒಂದಾಗಿರುತ್ತದೆ. ಆದರೆ ಒದ್ದೆ ಮೈಯಲ್ಲಿ ಗಾಳಿಗೆ ನಿಂತರೆ ನಡುಕ ಹತ್ತುತ್ತದೆ. ಟವೆಲ್, ಸ್ವೆಟರ್ ದಡದಲ್ಲೇ ಇರಬೇಕು.

ನಮ್ಮ ಪುಸ್ತಕದ ಪ್ರಕಾರ ಮಕ್ಕಳಿಗೆ ಈಜು ಕಲಿಸಲು ಒಳ್ಳೆಯ ಕಾಲ ಶಿವರಾತ್ರಿಯಿಂದ ಯುಗಾದಿಯವರೆಗೆ. ಬೆಳಿಗ್ಗೆಯ ನೀರು 24ರಿಂದ 27, ತಳ ಕಾಣುವಷ್ಟು ತಿಳಿ, ಮೇಲೆ ಕೆಳಗೆ ಹೆಚ್ಚು ವ್ಯತ್ಯಾಸ ಇಲ್ಲ. ಈ ಸಲ ಆ ದಿನಗಳಲ್ಲೇ ಹುಡುಗನ ಬೆನ್ನಿನಿಂದ ಒಂದು ಕಾಯಿ ಬಿಚ್ಚಿದೆ. ಎದೆಮಟ್ಟ ನೀರಿನಲ್ಲಿ ನಾನು ನಿಂತಿದ್ದೆ, ಏರಿ ಮೇಲೆ ಅಣ್ಣ ಹಗ್ಗ ಹಿಡಿದಿದ್ದ. ಇನ್ನೊಂದು ಕಾಯಿಯನ್ನು ಮುಂದಿನ ಶಿವರಾತ್ರಿಗೆ ಬಿಚ್ಚುತ್ತೇವೆ.